ಮ್ಯಾಂಡೊಲಿನ್‌ನ ಪಿಕ್‌ಗಾರ್ಡ್: ತೆಗೆಯಬೇಕೆ, ತಿದ್ದಬೇಕೆ, ಹಾಗೇ ಬಿಡಬೇಕೆ?

ಪ್ರಶ್ನೆ: ನನ್ನ ಬಳಿ ಕೆತ್ತಿದ ಮೇಲ್ಹಲಗೆಯ, ಎಫ್ ಆಕಾರದ ಎರಡು ಸೀಳುಗಳಿರುವ ಎ-ಮಾದರಿಯ ಮ್ಯಾಂಡೊಲಿನ್ ಇದೆ. ಟ್ರೆಮೊಲೊ (ಒಂದೇ ಸ್ವರವನ್ನು ಬೇಗ ಬೇಗ ಮೇಲೆ ಕೆಳಗೆ ಮೀಟುವುದು) ನುಡಿಸುವಾಗ ತಂತಿ ಮೀಟುವ ಪಿಕ್ಕು ಎಲ್ಲೋ ತಗುಲಿ ಟಕ್ ಟಕ್ ಎನ್ನುತ್ತದೆ. ಪಿಕ್‌ಗಾರ್ಡ್ (ಹಲಗೆಗೆ ಪಿಕ್ಕು ಗೀಚದಂತೆ ತಂತಿಗಳ ಪಕ್ಕ ಹಾಕಿರುವ ಬಿಲ್ಲೆ) ತೆಗೆದುಬಿಟ್ಟರೆ ಸದ್ದು ನಿಲ್ಲುವುದಲ್ಲದೆ ನಾದವೂ ಬಿಚ್ಚಿಕೊಳ್ಳುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ? ತೆಗೆಯುವ ಬದಲು ಮರದಲ್ಲಿ ಚಿಕ್ಕದೊಂದನ್ನು ಮಾಡಿಕೊಳ್ಳಬಹುದೇ? ಮನೆಯಲ್ಲಿ ಅಜ್ಜನ ಕಾಲದ ಗುಂಡು ಬೆನ್ನಿನ ಮ್ಯಾಂಡೊಲಿನ್ ಕೂಡ ಇದೆ. ಅದರ ಗಾರ್ಡಿನ ಒಂದು ಅಂಚು ಮೇಲೆದ್ದಿದೆ. ಅದನ್ನೂ ಕಿತ್ತು ಹಾಕಲೇ?

ಉತ್ತರ: ಮೊದಲು ಅಜ್ಜನ ವಾದ್ಯದ ವಿಷಯ, ಏಕೆಂದರೆ ಅಲ್ಲಿ ತಪ್ಪಾದರೆ ಸರಿಪಡಿಸುವ ದಾರಿಯಿಲ್ಲ. ಅದನ್ನು ಕೀಳಬೇಡಿ. ನೇಪಲ್ಸ್ ಶೈಲಿಯ ಗುಂಡು ಬೆನ್ನಿನ ಮ್ಯಾಂಡೊಲಿನ್‌ಗಳಲ್ಲಿ ನಾದರಂಧ್ರ ಮತ್ತು ಬ್ರಿಜ್ಜಿನ (ತಂತಿಗಳನ್ನು ಹೊತ್ತ ಮರದ ತುಂಡಿನ) ನಡುವೆ ಕಾಣುವ ಆ ಕಂದು ಬಿಲ್ಲೆ ಹಲಗೆಯ ಮೇಲೆ ಅಂಟಿಸಿದ್ದಲ್ಲ, ಹಲಗೆಯೊಳಗೆ ಹೂತದ್ದು. ಹಲಗೆಯ ಸ್ಪ್ರೂಸ್ ಮರದಲ್ಲಿ ಬಿಲ್ಲೆಯ ಆಕಾರದ ಗುಳಿ ಕೆತ್ತಿ, ಆ ಗುಳಿಯಲ್ಲಿ ಅದನ್ನು ಕೂರಿಸಿರುತ್ತಾರೆ. ಹಲಗೆಯೇ ಹೆಚ್ಚೆಂದರೆ 3 ಮಿ.ಮೀ. ದಪ್ಪ. ಬಿಲ್ಲೆ ಕಿತ್ತರೆ ತಂತಿಗಳ ಎಳೆತ ಬೀಳುವ ಜಾಗದಲ್ಲೇ ತೆಳುವಾದ ಗುಳಿಯೊಂದು ಉಳಿಯುತ್ತದೆ. ಎದ್ದ ಅಂಚನ್ನು ಮತ್ತೆ ಕೂರಿಸುವುದೇ ಸರಿಯಾದ ಕೆಲಸ. ಬಡಗಿಗಳ ಬಿಸಿ ಸರಸು (ಚರ್ಮದಿಂದ ತೆಗೆದ ಅಂಟು) ಅಥವಾ ಮೀನಿನ ಸರಸನ್ನು ತೆಳುವಾಗಿ ಒಳಗೆ ಹರಿಸಿ, ಮೇಲೆ ಮೇಣದ ಕಾಗದ ಹಾಸಿ, ಬಿಲ್ಲೆಯಷ್ಟೇ ಅಗಲದ ಮರದ ತುಂಡಿಟ್ಟು, ಒಂದು ಕಿಲೋದಷ್ಟು ತೂಕ ಹೇರಿ ಒಂದು ದಿನ ಬಿಡಬೇಕು. ಸೂಪರ್‌ಗ್ಲೂ ಬೇಡ. ಅದು ಹರಿದು ಪಾಲಿಶಿನೊಳಗೆ ಇಳಿದರೆ ಬಿಳಿ ಕಲೆ ಕೂರುತ್ತದೆ, ಮುಂದೆ ಯಾರೂ ಬಿಲ್ಲೆಯನ್ನು ಮುರಿಯದೆ ಬಿಚ್ಚಲಾರರು.

ಇನ್ನೊಂದು ಮಾತು. ಆ ಬಿಲ್ಲೆ ನಿಜವಾದ ಆಮೆಚಿಪ್ಪಿನದೂ ಆಗಿರಬಹುದು. ಹಳೆಯ ಕಾಲದಲ್ಲಿ ಹಾಕ್ಸ್‌ಬಿಲ್ ಕಡಲಾಮೆಯ ಚಿಪ್ಪನ್ನು ಹೀಗೆ ಬಳಸುತ್ತಿದ್ದರು. ಭಾರತದಲ್ಲಿ ಈ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ರಕ್ಷಣೆಯಿದೆ, ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಸೈಟೀಸ್ ಒಪ್ಪಂದದ ಮೊದಲ ಅನುಬಂಧದಲ್ಲೂ ಅದು ಸೇರಿದೆ. ಇಂಥ ವಾದ್ಯವನ್ನು ವಿದೇಶಕ್ಕೆ ಒಯ್ಯುವುದಾದರೂ ಮಾರುವುದಾದರೂ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಚಿಪ್ಪಿನ ಒಳಗಿನ ಕಂದು ಮಚ್ಚೆಗಳು ಅಂಚಿನಲ್ಲಿ ಮಸುಕಾಗಿ ಕರಗಿ, ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಚುಕ್ಕೆಗಳಾಗಿ ಒಡೆಯುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಬಣ್ಣ ಗೆರೆಗೆರೆಯಾಗಿ ಸುರುಳಿಗಟ್ಟಿರುತ್ತದೆ. ಬಿಸಿ ಸೂಜಿ ಚುಚ್ಚಿ ಪರೀಕ್ಷಿಸುವ ಹಳೆಯ ಉಪಾಯ ಮಾತ್ರ ಖಂಡಿತ ಬೇಡ. ಬಿಲ್ಲೆ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಆಗಿದ್ದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ.

ಈಗ ನಿಮ್ಮ ಎ-ಮಾದರಿಗೆ ಬರೋಣ. ಇದರ ಗಾರ್ಡ್ ಬೇರೆಯದೇ ಜಾತಿ. ಇದು ಹಲಗೆಯನ್ನು ಮುಟ್ಟುವುದೇ ಇಲ್ಲ, ಅದರ ಮೇಲೆ ತೇಲುತ್ತಿರುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಗಿಬ್ಸನ್ ಕಂಪನಿ ಶುರುವಿನಲ್ಲಿ ತಾನೂ ಹಲಗೆಯೊಳಗೆ ಹೂತ ಗಾರ್ಡನ್ನೇ ಬಳಸುತ್ತಿತ್ತು. ಆಮೇಲೆ ಎತ್ತರಿಸಿದ ಗಾರ್ಡ್ ತಂದಿತು. ಆ ಕಾಲದ ಗಾರ್ಡುಗಳ ಮೇಲೆ 1909ರ ಮಾರ್ಚ್ 30ರ ಪೇಟೆಂಟ್ ತಾರೀಕನ್ನು ಒತ್ತಿರುವುದು ಇಂದಿಗೂ ಕಾಣುತ್ತದೆ. ಅವರು ಇದಕ್ಕೆ ಇಟ್ಟ ಹೆಸರು ಫಿಂಗರ್ ರೆಸ್ಟ್, ಅಂದರೆ ಬೆರಳಿಗೆ ಆಸರೆ. ಈ ಹೆಸರಲ್ಲೇ ಅದರ ಕೆಲಸವಿದೆ. ಹಲಗೆ ಗೀಚದಂತೆ ಕಾಯುವುದು ಅದರ ಎರಡನೆಯ ಉಪಯೋಗ. ಬಲಗೈಯ ಕಿರುಬೆರಳು, ಉಂಗುರ ಬೆರಳು ಎಲ್ಲಿ ನಿಲ್ಲಬೇಕು, ಎಲ್ಲಿ ಸವರಿಕೊಂಡು ಹೋಗಬೇಕು ಎಂದು ತೋರಿಸುವುದೇ ಮೊದಲನೆಯದು. ಹಾಗಾಗಿ ತೆಗೆಯಬೇಕೋ ಬೇಡವೋ ಎಂಬುದನ್ನು ಹೇಳಬೇಕಾದದ್ದು ನಿಮ್ಮ ಬಲಗೈ. ಗೆಳೆಯರ ಮಾತಲ್ಲ, ವಾದ್ಯದ ಅಂದವೂ ಅಲ್ಲ.

ನಾದದ ಮಾತು ಇಲ್ಲೇ ಮುಗಿಸುತ್ತೇನೆ. ಹಲಗೆಗೆ ತಗುಲದ ಗಾರ್ಡ್ ಅದರ ಕಂಪನವನ್ನು ತಡೆಯಲಾರದು. ಕೆಳಗಿನ ಸೀಳಿಗೆ ತುಸು ಮರೆಯಾಗುವುದರಿಂದ ನುಡಿಸುವವರ ಕಿವಿಗೆ ಎಳೆಯಷ್ಟು ವ್ಯತ್ಯಾಸ ಕೇಳಿಸಬಹುದು, ಎದುರು ಕೂತವರಿಗೆ ಕೇಳಿಸುವುದು ಕಷ್ಟ. ಗಾರ್ಡ್ ತೆಗೆದ ಮೇಲೆ ನಿಜಕ್ಕೂ ದೊಡ್ಡ ಬದಲಾವಣೆ ಕೇಳಿಸಿದರೆ ಮೂರು ಕಾರಣ ಇರುತ್ತವೆ: ಗಾರ್ಡ್ ಬ್ರಿಜ್ಜಿಗೆ ತಾಗಿತ್ತು, ಹಲಗೆಯ ಉಬ್ಬಿಗೆ ಒತ್ತಿಕೊಂಡಿತ್ತು, ಇಲ್ಲವೇ ಸಡಿಲಾಗಿ ಝೇಂಕರಿಸುತ್ತಿತ್ತು. ಈ ಮೂರನ್ನೂ ಗಾರ್ಡ್ ತೆಗೆಯದೆಯೇ ಸರಿಪಡಿಸಬಹುದು.

ಟಕ್ ಟಕ್ ಎಲ್ಲಿಂದ ಬರುತ್ತಿದೆ?

ಇದನ್ನು ಪತ್ತೆ ಮಾಡದೆ ಸ್ಕ್ರೂಡ್ರೈವರ್ ಹಿಡಿಯಬೇಡಿ. ಕಾಗದದ ಮಾಸ್ಕಿಂಗ್ ಟೇಪನ್ನು ಎರಡು ಕಡೆ ಅಂಟಿಸಿ. ಒಂದು ತುಂಡು ಗಾರ್ಡಿನ ಮೇಲೆ, ತಂತಿಗಳ ಕಡೆಯ ಅಂಚಿನುದ್ದಕ್ಕೆ. ಇನ್ನೊಂದು ಫಿಂಗರ್‌ಬೋರ್ಡಿನ (ಎಡಗೈ ಬೆರಳುಗಳು ತಂತಿ ಒತ್ತುವ ಪಟ್ಟಿಯ) ಕೊನೆಯಲ್ಲಿ, 20ನೇ ಫ್ರೆಟ್ (ಅದರ ಮೇಲಿನ ಲೋಹದ ಅಡ್ಡಪಟ್ಟಿ) ದಾಟಿದ ಜಾಗದಲ್ಲಿ, ತಂತಿಗಳ ಅಡಿಯಲ್ಲಿ. ಎರಡರ ಮೇಲೂ ಮೃದುವಾದ ಪೆನ್ಸಿಲ್ಲಿನಿಂದ ಒತ್ತಾಗಿ ಗೀಚಿ ಕಪ್ಪು ಮಾಡಿ. ಹತ್ತು ನಿಮಿಷ ನಿಮ್ಮ ಎಂದಿನ ವೇಗದಲ್ಲಿ, ಎಂದಿನ ಜೋರಿನಲ್ಲಿ ನುಡಿಸಿ. ಆಮೇಲೆ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಪಿಕ್ಕು ತಗುಲಿದಲ್ಲಿ ಕಪ್ಪು ಅಳಿಸಿ ಕಾಗದ ಬಿಳಿಚಿರುತ್ತದೆ, ಜೋರಾಗಿ ತಗುಲಿದಲ್ಲಿ ನವಿರೆದ್ದಿರುತ್ತದೆ.

ಬಹಳ ಸಲ ಗುರುತು ಬೀಳುವುದು ಗಾರ್ಡಿನ ಮೇಲಲ್ಲ, ಫಿಂಗರ್‌ಬೋರ್ಡಿನ ಆ ಬಾಲದ ಮೇಲೆ. ಅಮೆರಿಕದ ವಾದಕರು ಅದಕ್ಕೆ ಫ್ಲೋರಿಡಾ ಎಂದೇ ಅಡ್ಡಹೆಸರಿಟ್ಟಿದ್ದಾರೆ, ಭೂಪಟದಲ್ಲಿ ಆ ರಾಜ್ಯ ಕೆಳಕ್ಕೆ ಚಾಚಿಕೊಂಡಂತೆ ಇದೂ ಚಾಚಿರುತ್ತದೆ. ಅಲ್ಲಿನ ಫ್ರೆಟ್ಟುಗಳನ್ನು ಒತ್ತಿ ನುಡಿಸುವವರು ಬಹಳ ಕಡಿಮೆ. ಆದರೆ ತಂತಿಗೂ ಅಲ್ಲಿನ ಮರಕ್ಕೂ ಅಂತರ ಕಡಿಮೆ ಇರುವುದರಿಂದ ಪಿಕ್ಕಿನ ತುದಿ ಬಡಿಯುತ್ತದೆ. ದೋಷ ಇಲ್ಲಿದ್ದರೆ ಗಾರ್ಡ್ ತೆಗೆದೂ ಪ್ರಯೋಜನವಿಲ್ಲ. ಕೈಯನ್ನು ಬೆರಳೊಂದರಷ್ಟು ಬ್ರಿಜ್ಜಿನ ಕಡೆ ಸರಿಸಿ ನೋಡಿ, ಪಿಕ್ಕಿನ ತುದಿ ಬೆರಳುಗಳಿಂದ 3-4 ಮಿ.ಮೀ.ಗಿಂತ ಹೆಚ್ಚು ಹೊರಗಿರದಂತೆ ಹಿಡಿಯಿರಿ. ತೆಳುವಾದ ಚೂಪು ಪಿಕ್ಕಿನ ಬದಲು 1.2ರಿಂದ 1.5 ಮಿ.ಮೀ. ದಪ್ಪದ, ತುದಿ ಗುಂಡಾದ ಪಿಕ್ಕನ್ನು ಬಳಸಿದರೆ ಅದು ತಂತಿಯ ಮೇಲೆ ಜಾರುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಇಷ್ಟಕ್ಕೂ ನಿಲ್ಲದಿದ್ದರೆ ಆ ಕೊನೆಯ ಫ್ರೆಟ್ಟುಗಳನ್ನು ಕಿತ್ತು ಮರವನ್ನು ಒಂದೂವರೆ-ಎರಡು ಮಿ.ಮೀ. ಕೆರೆದು ತಗ್ಗಿಸುವ ಪದ್ಧತಿಯಿದೆ. ಅದು ನುರಿತ ವಾದ್ಯ ತಯಾರಕರ ಕೆಲಸ, ಒಮ್ಮೆ ಕೆರೆದ ಮೇಲೆ ಮರಳಿ ಬರುವುದಿಲ್ಲ.

ಗುರುತು ಗಾರ್ಡಿನ ಮೇಲೇ ಬಿದ್ದಿದ್ದರೆ ಎತ್ತರ ಅಳೆಯಿರಿ. ಗಾರ್ಡಿನ ಮೇಲ್ಮೈ ಫಿಂಗರ್‌ಬೋರ್ಡಿನ ಮರದ ಮಟ್ಟಕ್ಕೆ ಸಮವಾಗಿ ಅಥವಾ ತುಸು ಕೆಳಗೆ ಶುರುವಾಗಿ, ಬ್ರಿಜ್ಜಿನತ್ತ ಹೋಗುವಾಗ ಗಾರ್ಡಿನ ಪಕ್ಕದ ತೆಳು ಇ ತಂತಿಯ ಮಟ್ಟಕ್ಕಿಂತ ಕನಿಷ್ಠ 5 ಮಿ.ಮೀ. ತಗ್ಗಿನಲ್ಲಿರಬೇಕು. ಹಲಗೆಯ ಉಬ್ಬಿನಿಂದ ಕನಿಷ್ಠ 3 ಮಿ.ಮೀ. ಮೇಲಿರಬೇಕು. ಬ್ರಿಜ್ಜಿಗೂ ಗಾರ್ಡಿಗೂ 2 ಮಿ.ಮೀ. ಅಂತರ ಇರಲೇಬೇಕು. ಕಾರ್ಖಾನೆಯಿಂದ ಬಂದ ವಾದ್ಯಗಳಲ್ಲಿ ಗಾರ್ಡಿನ ಹೊರ ಅಂಚನ್ನು ಹಿಡಿದಿರುವ ಲೋಹದ ಕೊಂಡಿ ಬಾಗಿ, ಗಾರ್ಡ್ ತಂತಿಗಳ ಕಡೆಗೆ ಎದ್ದಿರುವುದು ಬಹು ಸಾಮಾನ್ಯ. ವಾದ್ಯವನ್ನು ಪೆಟ್ಟಿಗೆಯಿಂದ ಎತ್ತುವಾಗ ಗಾರ್ಡಿಗೇ ಬೆರಳು ಹಾಕಿ ಎತ್ತಿದರೆ ಹೀಗಾಗುತ್ತದೆ. ಕೊಂಡಿಯ ಸ್ಕ್ರೂ ಸಡಿಲಿಸಿ 2 ಮಿ.ಮೀ. ಇಳಿಸಿ ಮತ್ತೆ ಬಿಗಿದರೆ ಅಷ್ಟಕ್ಕೇ ಕೆಲಸ ಮುಗಿಯಬಹುದು.

ಝೇಂಕಾರವಿದ್ದರೆ ಪರೀಕ್ಷೆ ಇನ್ನೂ ಸುಲಭ. ಒಂದು ಕೈಯಿಂದ ತಂತಿ ಮೀಟುತ್ತಾ ಇನ್ನೊಂದು ಕೈಯ ಬೆರಳನ್ನು ಗಾರ್ಡಿನ ಮೇಲೆ ಮೆಲ್ಲಗೆ ಒತ್ತಿ. ಝೇಂಕಾರ ನಿಂತರೆ ದೋಷ ಸ್ಕ್ರೂವಿನಲ್ಲಿ ಅಥವಾ ಪಿನ್ನಿನಲ್ಲಿದೆ. ಸ್ಕ್ರೂ ಬಿಗಿಯಿರಿ, ಪಿನ್ನು ಸಡಿಲವಾಗಿದ್ದರೆ ಅದಕ್ಕೆ ಜೇನುಮೇಣ ಸವರಿ ಮತ್ತೆ ತೂರಿಸಿ.

ತೆಗೆಯುವ ಕ್ರಮ

ತೆಗೆಯಬೇಕೆಂದೇ ನಿರ್ಧರಿಸಿದ್ದರೆ ಅರ್ಧ ಗಂಟೆಯ ಕೆಲಸ. ಮೇಜಿನ ಮೇಲೆ ದಪ್ಪ ಟವೆಲ್, ಕತ್ತಿನ ಕೆಳಗೆ ಸುತ್ತಿದ ಇನ್ನೊಂದು ಟವೆಲ್. ಬೇಕಾಗುವುದು ಸೊನ್ನೆ ಮತ್ತು ಒಂದನೇ ಅಳತೆಯ ಫಿಲಿಪ್ಸ್ ಸ್ಕ್ರೂಡ್ರೈವರ್, ಮಾಸ್ಕಿಂಗ್ ಟೇಪ್, ಒಂದು ಹಳೆಯ ಇಸ್ಪೀಟೆಲೆ.

ಎಲ್ಲಾ ತಂತಿಗಳನ್ನೂ ಸಡಿಲಿಸಬೇಡಿ. ಮ್ಯಾಂಡೊಲಿನ್‌ನ ಬ್ರಿಜ್ಜನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೊಂದೇ ಅದನ್ನು ಹಿಡಿದಿಟ್ಟಿರುತ್ತದೆ. ಎಂಟೂ ತಂತಿ ಸಡಿಲವಾದರೆ ಬ್ರಿಜ್ ಜರುಗಿ ಶ್ರುತಿ ಕೆಡುತ್ತದೆ. ಬ್ರಿಜ್ಜಿನ ಎರಡು ಪಾದಗಳ ಪಕ್ಕಕ್ಕೂ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಇ ತಂತಿಗಳ ಜೋಡಿಯನ್ನಷ್ಟೇ ಸಡಿಲಿಸಿ ಪಕ್ಕಕ್ಕೆ ಸರಿಸಿದರೆ ಸಾಕು.

ಮೊದಲು ಹೊರಗಿನ ಕೊಂಡಿ. ಕೆಲವು ವಾದ್ಯಗಳಲ್ಲಿ ಅದು ಪಕ್ಕದ ಪಟ್ಟಿಗೆ ಸ್ಕ್ರೂನಿಂದ ಬಿಗಿದಿರುತ್ತದೆ, ಕೆಲವಲ್ಲಿ ಅಂಚನ್ನು ಕಚ್ಚಿ ಹಿಡಿಯುವ ಕ್ಲಾಂಪ್ ಇರುತ್ತದೆ. ಎಡಗೈಯಿಂದ ಗಾರ್ಡನ್ನು ಅಡಿಯಿಂದ ಆನಿಸಿ ಹಿಡಿದೇ ಸ್ಕ್ರೂ ಬಿಚ್ಚಿ. ಇಲ್ಲವಾದರೆ ಕೊನೆಯ ಸುತ್ತಿಗೆ ಅದು ಜೋತುಬಿದ್ದು ಪಿನ್ನುಗಳನ್ನು ಬಾಗಿಸುತ್ತದೆ. ಆಮೇಲೆ ಒಳಗಿನ ಅಂಚು. ಫಿಂಗರ್‌ಬೋರ್ಡಿನ ಪಕ್ಕಕ್ಕೆ ಒಂದೋ ಎರಡೋ ತೆಳು ಪಿನ್ನುಗಳು ತೂರಿರುತ್ತವೆ. ಅವು ಅಡ್ಡಕ್ಕೆ ಹೋಗಿರುವುದರಿಂದ ಗಾರ್ಡನ್ನು ಫಿಂಗರ್‌ಬೋರ್ಡಿನಿಂದ ದೂರಕ್ಕೆ, ನೇರವಾಗಿ, ಅಡ್ಡಕ್ಕೇ ಎಳೆಯಬೇಕು. ಮೇಲಕ್ಕೆ ಎತ್ತಿದರೆ ಪಿನ್ನು ಮುರಿಯುತ್ತದೆ, ಇಲ್ಲವೇ ಫಿಂಗರ್‌ಬೋರ್ಡಿನ ಅಂಚಿನ ಬಿಳಿ ಪಟ್ಟಿ ಚಕ್ಕೆ ಏಳುತ್ತದೆ. ಬಿಗಿಯಾಗಿದ್ದರೆ ಸಂದಿಗೆ ಇಸ್ಪೀಟೆಲೆ ತೂರಿಸಿ ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ಅಲುಗಿಸಿ. ಸ್ಕ್ರೂಡ್ರೈವರನ್ನು ಹಲಗೆಗೆ ಊರಿ ಮೀಟುವುದು ಎಂದೂ ಬೇಡ. ಸ್ಪ್ರೂಸ್ ಎಷ್ಟು ಮೆದುವೆಂದರೆ ಉಗುರಿಗೇ ಗೆರೆ ಬೀಳುತ್ತದೆ.

ಸ್ಕ್ರೂ ತುಕ್ಕು ಹಿಡಿದು ತಿರುಗದಿದ್ದರೆ ಅದರ ತಲೆಗೆ ಸೋಲ್ಡರಿಂಗ್ ಐರನ್ನಿನ ತುದಿಯನ್ನು 10-15 ಸೆಕೆಂಡು ಮುಟ್ಟಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ತಿರುಗಿಸಿದರೆ ಸಡಿಲಾಗುತ್ತದೆ. ಇದು ಇಂದಿನ ಪ್ಲಾಸ್ಟಿಕ್ ಅಥವಾ ಮರದ ಗಾರ್ಡಿಗೆ ಮಾತ್ರ. ಹಳೆಯ ಸೆಲ್ಯುಲಾಯ್ಡಿನ ಬಳಿ ಕಾದ ಕಬ್ಬಿಣವನ್ನು ತರಲೇಬಾರದು.

ತೆಗೆದ ಮೇಲೆ ಉಳಿಯುವ ತೂತುಗಳನ್ನು ಎಪಾಕ್ಸಿಯಿಂದಲೋ ಪುಟ್ಟಿಯಿಂದಲೋ ಮುಚ್ಚಬೇಡಿ. ಜೇನುಮೇಣಕ್ಕೆ ತುಸು ಇದ್ದಿಲ ಪುಡಿ ಕಲಸಿ ಒತ್ತಿದರೆ ಕಪ್ಪು ಫಿಂಗರ್‌ಬೋರ್ಡಿನಲ್ಲಿ ತೂತು ಕಾಣುವುದಿಲ್ಲ, ಬೇಕೆಂದಾಗ ಸೂಜಿಯಿಂದ ತೆಗೆಯಬಹುದು. ಪಕ್ಕದ ಸ್ಕ್ರೂವನ್ನು ಅದರ ತೂತಿಗೇ ಹಾಕಿಡಿ, ಕಳೆದುಹೋಗುವುದಿಲ್ಲ. ಗಾರ್ಡಿನ ನೆರಳಿದ್ದ ಜಾಗ ಉಳಿದ ಹಲಗೆಗಿಂತ ಬೇರೆ ಬಣ್ಣದಲ್ಲಿ ಕಂಡರೆ ಗಾಬರಿ ಬೇಡ. ಬೆಳಕು ಬಿದ್ದ ಕಡೆ ಬಣ್ಣ ಮಾಗಿದೆ ಅಥವಾ ಮಾಸಿದೆ, ಮುಚ್ಚಿದ್ದ ಕಡೆ ಮೊದಲಿನಂತೆಯೇ ಇದೆ. ಇದನ್ನು ಪಾಲಿಶಿನಿಂದ ಉಜ್ಜಿ ಸಮ ಮಾಡಲು ಹೋದವರು ಪಾಲಿಶ್ ಪದರವನ್ನೇ ತೂತು ಮಾಡಿಕೊಳ್ಳುತ್ತಾರೆ.

ಗಾರ್ಡ್ ಇಲ್ಲದೆ ಎರಡು ವಾರ ನುಡಿಸಿ ನೋಡಿ. ಮೊದಲ ಎರಡು ದಿನ ಕೈಗೆ ನೆಲೆ ತಪ್ಪಿದಂತಾಗುವುದು ಸಹಜ. ಅಮೆರಿಕದ ಜಾನಪದ ಬೇರಿನ ಬ್ಲೂಗ್ರಾಸ್ ಸಂಗೀತದವರಲ್ಲಿ ಗಾರ್ಡ್ ತೆಗೆದು ನುಡಿಸುವುದು ಸಾಮಾನ್ಯ ರೂಢಿ. ಆ ಶೈಲಿಯ ಮೂಲಪುರುಷ ಬಿಲ್ ಮನ್ರೋ ತಮ್ಮ 1923ರ ಗಿಬ್ಸನ್ ಎಫ್-5 ವಾದ್ಯವನ್ನು ದಶಕಗಟ್ಟಲೆ ಗಾರ್ಡ್ ಇಲ್ಲದೆಯೇ ನುಡಿಸಿದರು. ಮಣಿಕಟ್ಟು ಸಡಿಲವಾಗಿ ಆಡುವ, ಬೆರಳುಗಳನ್ನು ಮುಷ್ಟಿಯಾಗಿ ಮಡಚಿಕೊಳ್ಳುವ ಕೈಗೆ ಗಾರ್ಡ್ ಬೇಕಾಗುವುದಿಲ್ಲ. ಕಿರುಬೆರಳನ್ನು ಊರಿಕೊಂಡು ನುಡಿಸುವ ಕೈಗಾದರೆ ಬೇಕಾಗುತ್ತದೆ. ಎರಡು ವಾರವಾದ ಮೇಲೂ ನಿಮ್ಮ ಬೆರಳು ಹಲಗೆಯನ್ನು ಹುಡುಕಿಕೊಂಡು ಹೋಗುತ್ತಿದ್ದರೆ, ಉಗುರು ತಾಗಿ ಸಣ್ಣ ಗೀರುಗಳು ಮೂಡುತ್ತಿದ್ದರೆ, ನಿಮ್ಮ ಕೈ ಉತ್ತರ ಕೊಟ್ಟಿದೆ ಎಂದರ್ಥ. ಆ ಗೀರು ತಪ್ಪಿಸಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸುವ ಅಭ್ಯಾಸವಿದೆ. ಪಾಲಿಯುರೆಥೇನ್ ಹೊಳಪಿನ ವಾದ್ಯಕ್ಕೆ ತೊಂದರೆಯಿಲ್ಲ. ನೈಟ್ರೊಸೆಲ್ಯುಲೋಸ್ ಲ್ಯಾಕರ್ ಅಥವಾ ವಾರ್ನಿಶ್ ಇದ್ದರೆ ಮೆದು ಪ್ಲಾಸ್ಟಿಕ್ಕಿನಲ್ಲಿರುವ ಎಣ್ಣೆಯಂಥ ರಾಸಾಯನಿಕ ಅದನ್ನು ಕರಗಿಸಿ ಅಂಟಾಗಿಸುತ್ತದೆ. ಕ್ಲಾಂಪಿನಡಿಯ ರಬ್ಬರ್ ಕೂಡ ಅದನ್ನೇ ಮಾಡುತ್ತದೆ. ಅಲ್ಲಿ ಕಾರ್ಕ್ ಹಾಕಿ.

ಚಿಕ್ಕದೊಂದನ್ನು ಮಾಡಿಕೊಳ್ಳುವುದು

ನನಗೆ ಎಲ್ಲಕ್ಕಿಂತ ಹಿಡಿಸುವ ದಾರಿ ಇದೇ. ಬೆರಳಿಗೆ ಬೇಕಾದಷ್ಟೇ ಜಾಗ, 30-35 ಮಿ.ಮೀ. ಅಗಲದ ಪಟ್ಟಿ, ಉಳಿದ ಹಲಗೆ ಬಯಲು. ಆದರೆ ಹಳೆಯ ಗಾರ್ಡನ್ನು ಕತ್ತರಿಸಬೇಡಿ. ಅದನ್ನು ಎತ್ತಿಟ್ಟು ಹೊಸದು ಮಾಡಿ. ವಾದ್ಯ ಎಷ್ಟೇ ಅಗ್ಗದ್ದಾದರೂ ಮೂಲ ಬಿಡಿಭಾಗ ಇದ್ದರೆ ಮಾರುವಾಗಲೂ ಚೆನ್ನ, ಮನಸ್ಸು ಬದಲಾದಾಗಲೂ ಚೆನ್ನ.

ಮೊದಲು ರಟ್ಟಿನ ಮಾದರಿ. ಮನೆಯಲ್ಲಿರುವ ದಪ್ಪ ಲಗ್ನಪತ್ರಿಕೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹಳೆಯ ಗಾರ್ಡನ್ನು ಅದರ ಮೇಲಿಟ್ಟು ಗೆರೆ ಎಳೆದು, ಪಿನ್ನುಗಳ ಜಾಗ ಮತ್ತು ಕೊಂಡಿಯ ಜಾಗ ಗುರುತಿಸಿ. ಫಿಂಗರ್‌ಬೋರ್ಡಿನ ಕಡೆಯ ಅಂಚನ್ನು ಹಳೆಯದರಂತೆಯೇ ಬಿಟ್ಟು ಬೇರೆ ಕಡೆ ಕತ್ತರಿಸುತ್ತಾ ಬನ್ನಿ. ಎರಡು ರಟ್ಟುಗಳನ್ನು ಅಂಟಿಸಿ ಗಟ್ಟಿ ಮಾಡಿ, ಹಳೆಯ ಕೊಂಡಿಗೆ ಟೇಪಿನಿಂದ ಕಟ್ಟಿ, ಎರಡು ದಿನ ನುಡಿಸಿ. ಬೆರಳು ಎಲ್ಲಿ ಸವರುತ್ತದೋ ಅಲ್ಲಿ ರಟ್ಟು ಮಾಸುತ್ತದೆ. ಮಾಸಿದಷ್ಟು ಜಾಗಕ್ಕೆ ಸುತ್ತಲೂ ಒಂದು ಸೆಂಟಿಮೀಟರ್ ಸೇರಿಸಿದರೆ ಅದೇ ನಿಮ್ಮ ಅಳತೆ.

ಯಾವ ಸಾಮಗ್ರಿ? ಗಿಟಾರುಗಳಿಗೆಂದು ಸಿಗುವ ಕಪ್ಪು-ಬಿಳಿ-ಕಪ್ಪು ಮೂರು ಪದರದ ಪ್ಲಾಸ್ಟಿಕ್ ಹಾಳೆ ಸುಮಾರು 2.3 ಮಿ.ಮೀ. ದಪ್ಪವಿರುತ್ತದೆ. ಅಂಚನ್ನು 45 ಡಿಗ್ರಿ ಓರೆಯಾಗಿ ಕೆರೆದರೆ ನಡುವಿನ ಬಿಳಿ ಗೆರೆ ಅಂದವಾಗಿ ಹೊಮ್ಮುತ್ತದೆ. ನಾಮಫಲಕ ಮಾಡುವ ಅಂಗಡಿಯಲ್ಲಿ ಸಿಗುವ 3 ಮಿ.ಮೀ. ಅಕ್ರಿಲಿಕ್ ತುಂಡು ಅಗ್ಗ, ನೋಡಲೂ ಚೆಂದ. ಆದರೆ ತೂತು ಕೊರೆಯುವಾಗ ಸೀಳುತ್ತದೆ, ಸ್ಕ್ರೂ ಬಿಗಿ ಹೆಚ್ಚಾದರೆ ವಾರ ಕಳೆದು ಬಿರುಕು ಬಿಡುತ್ತದೆ. ಮರವೆಂದರೆ ಎಬೊನಿ ಅಥವಾ ಬೀಟೆ. ಮೈಸೂರಿನ ಇನ್ಲೇ ಕುಸುರಿ ಕೆಲಸದವರು ಬೀಟೆಯನ್ನೇ ಹಿನ್ನೆಲೆಯಾಗಿ ಬಳಸುತ್ತಾರೆ. ಈ ಅಳತೆಯ ಚೂರು ಅಂಥ ಕಡೆ ಮಿಗುವಂಥದ್ದು, ಕೇಳಿ ನೋಡಿ. ಮರದ ಕೊರತೆ ಒಂದೇ: ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ. ಒಂದೂವರೆ ಮಿ.ಮೀ.ಯ ಎರಡು ಪದರಗಳನ್ನು ಎಳೆ ಅಡ್ಡಡ್ಡ ಬರುವಂತೆ ಅಂಟಿಸಿದರೆ ಈ ಭಯವಿಲ್ಲ. ಪಾಲಿಶನ್ನು ಎರಡೂ ಬದಿಗೆ, ಅಂಚಿಗೂ, ಒಂದೇ ಸಮ ಹಚ್ಚಬೇಕು. ಮೇಲ್ಭಾಗಕ್ಕೆ ಮಾತ್ರ ಹಚ್ಚಿದರೆ ಮಳೆಗಾಲದಲ್ಲಿ ಕೆಳಭಾಗ ತೇವ ಹೀರಿ ಗಾರ್ಡ್ ದೊನ್ನೆಯಂತೆ ಬಾಗುತ್ತದೆ. ಮಂಗಳೂರು, ಕಾರವಾರ, ಮಲೆನಾಡಿನ ಕಡೆಯವರು ಇದನ್ನು ಮರೆಯಬಾರದು. ಅಲ್ಲಿ ಆಷಾಢದಲ್ಲಿ ಮೇಲ್ಹಲಗೆಯೂ ತುಸು ಉಬ್ಬುತ್ತದೆ, ಹಾಗಾಗಿ ಅಡಿಯ ಅಂತರವನ್ನು ಮೂರರ ಬದಲು ನಾಲ್ಕು ಮಿ.ಮೀ. ಇಡುವುದು ಒಳ್ಳೆಯದು.

ಕತ್ತರಿಸಲು ಅಕ್ಕಸಾಲಿಗರು ಬಳಸುವ ತೆಳು ಗರಗಸವೇ ಉತ್ತಮ. ಗೆರೆಯಿಂದ ಒಂದು ಮಿ.ಮೀ. ಹೊರಗೆ ಕತ್ತರಿಸಿ, ಅರದಿಂದ ಗೆರೆಗೆ ತನ್ನಿ. ಆಮೇಲೆ 220, 400, 800 ಅಂಕೆಯ ಪಾಲಿಶ್ ಪೇಪರ್, ಪ್ಲಾಸ್ಟಿಕ್ಕಿಗೆ ಕೊನೆಗೆ 1500 ಅಂಕೆಯದನ್ನು ನೀರು ಹಚ್ಚಿ ಉಜ್ಜಿ, ಕಾರಿಗೆ ಬಳಸುವ ಪಾಲಿಶಿನಿಂದ ಹೊಳಪು ಕೊಡಿ. ಯಂತ್ರದ ಗರಗಸ ಹಾಕಿದರೆ ಪ್ಲಾಸ್ಟಿಕ್ ಕರಗಿ ಹಿಂದಿನಿಂದಲೇ ಕೂಡಿಕೊಳ್ಳುತ್ತದೆ.

ಕಷ್ಟದ ಭಾಗ ಪಿನ್ನುಗಳು. 1.2 ಮಿ.ಮೀ. ದಪ್ಪದ ಹಿತ್ತಾಳೆ ತಂತಿ ಸಾಕು. ಗಾರ್ಡಿನ ಅಂಚಿನಲ್ಲಿ 6-8 ಮಿ.ಮೀ. ಆಳ, ಫಿಂಗರ್‌ಬೋರ್ಡಿನ ಕಡೆ ಹಳೆಯ ತೂತನ್ನೇ ಬಳಸಿ. 2.3 ಮಿ.ಮೀ. ಹಾಳೆಯ ಅಂಚಿನಲ್ಲಿ ಇಷ್ಟು ದಪ್ಪದ ತೂತು ಕೊರೆದರೆ ಮೇಲೆ ಕೆಳಗೆ ಅರ್ಧ ಅರ್ಧ ಮಿ.ಮೀ. ಮಾತ್ರ ಉಳಿಯುತ್ತದೆ, ಕೈ ತುಸು ಓರೆಯಾದರೆ ತೂತು ಮೇಲ್ಮೈಗೇ ಬಂದುಬಿಡುತ್ತದೆ. ಅದಕ್ಕೆ ಅಂಚಿನ ಕೆಳಗೆ 4 ಮಿ.ಮೀ. ದಪ್ಪ, 20 ಮಿ.ಮೀ. ಉದ್ದದ ಮರದ ತುಂಡೊಂದನ್ನು ಅಂಟಿಸಿ, ಪಿನ್ನನ್ನು ಅದರಲ್ಲಿ ಕೂರಿಸುವುದು ವಾಸಿ. ಹೀಗೆ ಮಾಡಿದರೆ ಗಾರ್ಡ್ ಹಳೆಯ ತೂತಿಗಿಂತ ಮೇಲೆ ಕೂರುತ್ತದೆ, ತುಂಡಿನ ದಪ್ಪವನ್ನು ಆ ಲೆಕ್ಕ ನೋಡಿ ಉಜ್ಜಿ ತಗ್ಗಿಸಬೇಕು. ಜಾಗ ಗುರುತಿಸಲು, ಹಳೆಯ ತೂತುಗಳಿಗೆ ಚಿಕ್ಕ ಪಿನ್ನುಗಳನ್ನು ಮೊನೆ ಹೊರಕ್ಕೆ ಬರುವಂತೆ ಸಿಕ್ಕಿಸಿ, ಗಾರ್ಡನ್ನು ಸರಿಯಾದ ಎತ್ತರದಲ್ಲಿ ಹಿಡಿದು ಮೆಲ್ಲಗೆ ಒತ್ತಿ. ಎರಡು ಚುಕ್ಕೆ ಮೂಡುತ್ತವೆ. ಕೊರೆಯಲು ಕೈಯಿಂದ ತಿರುಗಿಸುವ ಸಣ್ಣ ಡ್ರಿಲ್ ಬಳಸಿ, ಬಿಟ್ಟಿಗೆ ಆಳದ ಗುರುತಾಗಿ ಟೇಪಿನ ಬಾವುಟ ಸುತ್ತಿ. ಪಿನ್ನನ್ನು ಗಾರ್ಡಿನ ಕಡೆ ಮಾತ್ರ ಅಂಟಿಸಬೇಕು. ಫಿಂಗರ್‌ಬೋರ್ಡಿನ ಕಡೆ ಅದು ಬೆರಳ ಒತ್ತಿಗೆ ಒಳಹೋಗಿ ಎಳೆದರೆ ಹೊರಬರುವಂತಿರಲಿ.

ಹಳೆಯ ತೂತು ಇಲ್ಲದ ವಾದ್ಯವಾದರೆ ಹೊಸದಾಗಿ ಕೊರೆಯುವ ಬದಲು ಅಂಚನ್ನು ಕಚ್ಚುವ ಕ್ಲಾಂಪ್ ಎರಡನ್ನು ಬಳಸಬಹುದು. ಪಕ್ಕದ ಪಟ್ಟಿಗೆ ಮನಸ್ಸು ಬಂದಲ್ಲಿ ಸ್ಕ್ರೂ ಹೊಡೆಯಬಾರದು. ಅದು ಎರಡು ಮಿ.ಮೀ. ಚಿಲ್ಲರೆ ದಪ್ಪದ ಮರ, ಸ್ಕ್ರೂವನ್ನು ಹಿಡಿಯಲಾರದು. ಒಳಗಡೆ ಹಲಗೆ ಮತ್ತು ಪಟ್ಟಿ ಸೇರುವ ಮೂಲೆಯಲ್ಲಿ ಓಡುವ ಮರದ ಅಂಚುಪಟ್ಟಿಗೆ ಸಿಕ್ಕಿದರೆ ಮಾತ್ರ ಅದು ನಿಲ್ಲುತ್ತದೆ. ಅಂದರೆ ಮೇಲಂಚಿನಿಂದ ಐದಾರು ಮಿ.ಮೀ. ಒಳಗೇ. ತೂತು ಸವೆದು ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ, ಹಲ್ಲುಕಡ್ಡಿಯ ತುಂಡನ್ನು ಫೆವಿಕಾಲಿನಲ್ಲಿ ಅದ್ದಿ ತುಂಬಿ, ರಾತ್ರಿಯಿಡೀ ಒಣಗಿಸಿ, ಒಂದು ಮಿ.ಮೀ. ತೂತು ಕೊರೆದು ಮತ್ತೆ ಬಿಗಿಯಿರಿ. ಕೊಂಡಿಯನ್ನು ಒಂದು ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ಹಿತ್ತಾಳೆ ಪಟ್ಟಿಯಿಂದ ಎಲ್ ಆಕಾರಕ್ಕೆ ಬಾಗಿಸಿಕೊಳ್ಳಬಹುದು. ಸ್ಕ್ರೂ ತೂತನ್ನು ಗುಂಡಗೆ ಬಿಡದೆ ಉದ್ದಕ್ಕೆ ಅರದಿಂದ ಉಜ್ಜಿದರೆ ಎತ್ತರ ಏರಿಸಿ ಇಳಿಸಲು ಬರುತ್ತದೆ.

ನೂರು ವರ್ಷದ ವಾದ್ಯವಾಗಿದ್ದರೆ

ಒಂದು ಸಂದರ್ಭದಲ್ಲಿ ಮಾತ್ರ ತೆಗೆಯಿರಿ ಎಂದು ಒತ್ತಾಯಿಸಿ ಹೇಳಬೇಕು: ಗಾರ್ಡ್ ಹಳೆಯ ಸೆಲ್ಯುಲಾಯ್ಡ್ ಆಗಿದ್ದು ಕೊಳೆಯಲು ಶುರುವಾಗಿದ್ದರೆ. ಸೆಲ್ಯುಲಾಯ್ಡ್ ಎಂದರೆ ನೈಟ್ರೊಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡಿದ್ದು. ದಶಕಗಳು ಕಳೆದಂತೆ ಕರ್ಪೂರ ಹಾರಿ, ಉಳಿದದ್ದು ಕುಗ್ಗುತ್ತದೆ, ಒಡೆಯುತ್ತದೆ, ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಆ ಆವಿ ಸೇರಿಕೊಂಡು ಸುತ್ತಲಿನ ಲೋಹವನ್ನು ತಿನ್ನುತ್ತದೆ. ಗಾರ್ಡಿನ ಹತ್ತಿರದ ಇ ಮತ್ತು ಎ ತಂತಿಗಳು ಮಾತ್ರ ಬೇಗ ಕಪ್ಪಾಗುವುದು, ಹತ್ತಿರದ ಫ್ರೆಟ್ಟುಗಳ ತುದಿಗೆ ಹಸಿರು ಕಿಲುಬು ಹಿಡಿಯುವುದು, ಗಾರ್ಡಿನ ಒಳಗೆ ಸಕ್ಕರೆ ಹರಳಿನಂಥ ಬಿರುಕುಗಳು ಕಾಣುವುದು, ಪೆಟ್ಟಿಗೆ ತೆರೆದೊಡನೆ ಮೂಗಿಗೆ ಚುರುಕು ವಾಸನೆ ಹೊಡೆಯುವುದು ಇದರ ಲಕ್ಷಣಗಳು. ಇನ್ನೂ ಗಟ್ಟಿಯಾಗಿರುವ ಸೆಲ್ಯುಲಾಯ್ಡನ್ನು ಬಟ್ಟೆಯಿಂದ ಜೋರಾಗಿ ಉಜ್ಜಿದರೆ ದೇವರ ಮನೆಯ ಕರ್ಪೂರದ ವಾಸನೆ ಬರುತ್ತದೆ.

ಹಳೆಯ ಗಿಬ್ಸನ್‌ಗಳಲ್ಲಿ ಗಾರ್ಡಿನಿಂದ ಬ್ರಿಜ್ಜಿಗೂ ಒಂದು ಪಿನ್ನು ಹೋಗಿರುತ್ತದೆ. ಗಾರ್ಡ್ ಕುಗ್ಗಿದಾಗ ಅದು ಬ್ರಿಜ್ಜನ್ನು ಓರೆಗೆ ಎಳೆಯುತ್ತದೆ, ಶ್ರುತಿ ಏಕೆ ಕೂಡುತ್ತಿಲ್ಲ ಎಂದು ತಿಳಿಯದೆ ಜನ ತಂತಿ ಬದಲಿಸುತ್ತಾ ಕೂರುತ್ತಾರೆ. ಇಂಥದ್ದರಲ್ಲಿ ಮೊದಲು ಬ್ರಿಜ್ಜಿನ ಪಿನ್ನು ಬಿಡಿಸಿ, ಆಮೇಲೆ ಪಕ್ಕದ ಕ್ಲಾಂಪ್, ಕೊನೆಗೆ ಫಿಂಗರ್‌ಬೋರ್ಡಿನ ಪಿನ್ನು. ತೆಗೆದ ಮೇಲೆ 12ನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರ ಮತ್ತು ಅಲ್ಲೇ ಬೆರಳು ಮುಟ್ಟಿಸಿ ಮೀಟಿದ ಹಾರ್ಮೋನಿಕ್ ಎರಡೂ ಕೂಡುವಂತೆ ಬ್ರಿಜ್ಜನ್ನು ನೇರ ಮಾಡಿಕೊಳ್ಳಿ. ಈ ಗಾರ್ಡನ್ನು ಬಿಸಿ ಮಾಡಿ ನೆಟ್ಟಗಾಗಿಸಲು, ಯಂತ್ರದಲ್ಲಿ ಉಜ್ಜಲು ಹೋಗಬೇಡಿ, ಹತ್ತಿಕೊಳ್ಳಲು ಒಂದು ಕಿಡಿ ಸಾಕು. ಹೊಸ ಸಾಮಗ್ರಿಯಲ್ಲಿ ನಕಲು ಮಾಡಿಸಿ ವಾದ್ಯಕ್ಕೆ ಹಾಕಿ.

ಚಪ್ಪಟೆ ಹಲಗೆಯ ಅಗ್ಗದ ಮ್ಯಾಂಡೊಲಿನ್‌ಗಳಲ್ಲಿ ಗಾರ್ಡನ್ನು ಅಂಟಿನಿಂದ ನೇರ ಹಲಗೆಗೆ ಮೆತ್ತಿರುತ್ತಾರೆ. ಹೇರ್ ಡ್ರೈಯರಿನಿಂದ ಕೈಗೆ ಬೆಚ್ಚಗೆನಿಸುವಷ್ಟು ಮಾತ್ರ ಕಾಯಿಸಿ, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಳೆಯ ದಿಕ್ಕಿನಲ್ಲಿ ನಿಧಾನಕ್ಕೆ ಬಿಡಿಸಿ. ಮರದ ನಾರು ಏಳುತ್ತಿದೆ ಎನಿಸಿದರೆ ಅಲ್ಲೇ ನಿಲ್ಲಿಸಿ ಎದುರು ದಿಕ್ಕಿನಿಂದ ಶುರು ಮಾಡಿ. ಉಳಿದ ಅಂಟಿಗೆ ಲೈಟರಿಗೆ ತುಂಬುವ ನ್ಯಾಫ್ತಾ ಬಳಸಿ, ಸ್ಪಿರಿಟ್ ಬೇಡ. ಸ್ಪಿರಿಟ್ ಅರಗಿನ ಪಾಲಿಶನ್ನು ಕರಗಿಸುತ್ತದೆ.

ಕರ್ನಾಟಕ ಸಂಗೀತ ನುಡಿಸುವ ಓದುಗರಿಗೆ ಒಂದು ಸೂಚನೆ. ಯು. ಶ್ರೀನಿವಾಸ್ ಅವರಿಂದ ಮನೆಮಾತಾದ ಗಟ್ಟಿ ಮರದ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಇದ್ದರೆ, ಅದರ ಮೇಲಿನ ಪ್ಲಾಸ್ಟಿಕ್ ಬಿಲ್ಲೆ ಬೆರಳಿನ ಆಸರೆಯಷ್ಟೇ ಅಲ್ಲದೆ ಒಳಗಿನ ವೈರುಗಳ ಮುಚ್ಚಳವೂ ಆಗಿರಬಹುದು. ವಾಲ್ಯೂಮಿನ ತಿರುಗಣೆ, ಜ್ಯಾಕ್ ಅದಕ್ಕೇ ಕೂತಿರುತ್ತವೆ, ಅಡಿಗೆ ಗುಂಯ್ ಎಂಬ ಸದ್ದು ತಡೆಯುವ ಲೋಹದ ಹಾಳೆ ಅಂಟಿಸಿರುತ್ತಾರೆ. ಬದಲಿಸುವುದಾದರೆ ಅದೇ ಅಳತೆಗೆ ಕತ್ತರಿಸಿ, ಹೊಸ ಬಿಲ್ಲೆಯ ಅಡಿಗೂ ತಾಮ್ರದ ಟೇಪ್ ಅಂಟಿಸಿ, ಗ್ರೌಂಡ್ ವೈರಿಗೆ ಸೇರಿಸಿ.

ತೆಗೆದಿಟ್ಟ ಗಾರ್ಡಿನ ವಿಷಯ. ಇಂದಿನ ಪ್ಲಾಸ್ಟಿಕ್ ಅಥವಾ ಮರದ್ದಾದರೆ ಪಿನ್ನು, ಸ್ಕ್ರೂ, ಕೊಂಡಿಗಳ ಜೊತೆಗೆ ಒಂದು ಕಾಗದದ ಲಕೋಟೆಯಲ್ಲಿ ಹಾಕಿ, ಯಾವ ವಾದ್ಯದ್ದೆಂದು ಬರೆದು ಪೆಟ್ಟಿಗೆಯ ಜೇಬಿನಲ್ಲೇ ಇಡಿ. ಸೆಲ್ಯುಲಾಯ್ಡ್ ಆದರೆ ಪೆಟ್ಟಿಗೆಯಲ್ಲೂ ಬೇಡ, ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲೂ ಬೇಡ. ಕಾಗದದಲ್ಲಿ ಸುತ್ತಿ, ಗಾಳಿಯಾಡುವ ತಣ್ಣನೆಯ ಕಪಾಟಿನಲ್ಲಿ, ಅಡುಗೆ ಒಲೆ ಮತ್ತು ದೇವರ ದೀಪದಿಂದ ದೂರ, ಬೇರೆಯಾಗಿ ಇಡಿ.